ಅಕ್ಕನ ನಾಲ್ಕು ಸೆಮಿಸ್ಟರ್ ಎಲ್ಲಿ ಹೋದವು?

ಪ್ರತಿ ವರ್ಷ ಮೇ ತಿಂಗಳು ಬಂತು ಅಂದ್ರೆ ಒಂದು ಸುದ್ದಿ ಗ್ಯಾರಂಟಿ. "ಮಗನ ಜೊತೆ ಪರೀಕ್ಷೆ ಬರೆದು ಪಾಸಾದ ತಾಯಿ". ಜೊತೆಗೊಂದು ಫೋಟೋ. ತಾಯಿಯ ಕೈಯಲ್ಲಿ ಪೇಡೆ, ಮಗ ನಾಚಿಕೊಂಡು ಬಾಯಿ ತೆರೆದಿದ್ದಾನೆ, ಹಿಂದೆ ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರ್. ನಾವೆಲ್ಲ ಅದನ್ನು ಓದ್ತೀವಿ, ಕಣ್ಣು ಒದ್ದೆ ಮಾಡ್ಕೋತೀವಿ, ಹತ್ತು ಜನಕ್ಕೆ ಕಳಿಸ್ತೀವಿ, ಆಮೇಲೆ ಊಟಕ್ಕೆ ಹೋಗ್ತೀವಿ. ನಾನೂ ಕಳಿಸಿದ್ದೀನಿ, ಸುಳ್ಳು ಯಾಕೆ ಹೇಳ್ಲಿ.

ಈ ಸಲ ಕಳಿಸಲಿಲ್ಲ. ಆ ಫೋಟೋ ನೋಡಿದ್ರೆ ಸಿಟ್ಟು ಬರೋಕೆ ಶುರುವಾಗಿದೆ. ಸಿಟ್ಟು ಆ ತಾಯಿಯ ಮೇಲಲ್ಲ, ಸುದ್ದಿ ಬರೆದವರ ಮೇಲೂ ಅಲ್ಲ. ಹೆಂಗಸೊಬ್ಬಳು ಮದುವೆಯಾಗಿ, ಮಕ್ಕಳಾದ ಮೇಲೆ ಮತ್ತೆ ಪುಸ್ತಕ ಹಿಡಿದದ್ದು ಪೇಪರಿನಲ್ಲಿ ಬರುವಷ್ಟು ಅಪರೂಪ ಯಾಕಾಯ್ತು ಅಂತ ಯಾರೂ ಕೇಳಲ್ವಲ್ಲ, ಅದರ ಮೇಲೆ. ಮುಳುಗುವವನೊಬ್ಬ ಈಜಿ ದಡ ಸೇರಿದ್ರೆ ಚಪ್ಪಾಳೆ ಹೊಡೆಯೋಣ, ಸರಿ. ಆದರೆ ಸೇತುವೆ ಯಾಕಿಲ್ಲ ಅಂತ ಕೇಳಬಾರದಾ?

ತಿಂಗಳುಗಟ್ಟಲೆ ಈ ಕಡೆ ತಲೆ ಹಾಕದೆ, ಇವತ್ತು ಬಂದವನೇ ಜಗಳಕ್ಕೆ ನಿಂತಿದ್ದೀನಿ ಅಂತ ಬೈಬೇಡಿ. ಹೋದ ಸಲ ರಜೆಗೆ ಊರಿಗೆ ಹೋಗಿ ಬಂದಾಗಿನಿಂದ ಇದು ತಲೆಯಲ್ಲಿ ಕೊರೀತಾ ಇದೆ. ಕೆಲಸದ ಮಧ್ಯೆ ಕಂಪೈಲ್ ಆಗೋವರೆಗೂ ಕಾಯ್ತಾ ಕೂತಾಗ ಕೂಡ ಇದೇ.

ನಮ್ಮೂರು ಬನಹಟ್ಟಿ. ರಬಕವಿ-ಬನಹಟ್ಟಿ ಅಂತ ಜೋಡಿಯಾಗಿ ಹೇಳ್ತಾರೆ. ಮಗ್ಗದ ಊರು. ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ಕರೆಂಟು ಇದ್ದಷ್ಟು ಹೊತ್ತು ಸಪ್ಪಳ, ಕರೆಂಟು ಹೋದ್ರೆ ಕಿವಿಯಲ್ಲಿ ಸಪ್ಪಳ. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಕಂಡಿಕೆ ಸುತ್ತುತ್ತಲೇ ಪಾಠ ಬಾಯಿಪಾಠ ಮಾಡ್ತಿದ್ದಳು, ನನಗೆ ಲೆಕ್ಕ ಹೇಳಿಕೊಟ್ಟವಳೂ ಅವಳೇ. 2011ರಲ್ಲಿ ಬಿಎ ಸೇರಿದಳು. ನಾಲ್ಕು ಸೆಮಿಸ್ಟರ್ ಮುಗಿಸಿದಳು. ಒಂದೇ ಒಂದು ಪೇಪರ್ ಬಾಕಿ ಇಲ್ಲ, ಎಲ್ಲಾ ಪಾಸು.

2013ರಲ್ಲಿ ಮದುವೆ ಮಾಡಿದ್ರು.

ಇಲ್ಲಿ ನಾನೊಂದು ಮಾತು ಹೇಳಲೇಬೇಕು, ಹೇಳದಿದ್ರೆ ಮುಂದೆ ಬರೆಯೋದೆಲ್ಲ ಬೂಟಾಟಿಕೆ ಆಗುತ್ತೆ. ಆ ವರ್ಷ ನಾನು ಧಾರವಾಡದಲ್ಲಿ ಪಿಯುಸಿ ಸೈನ್ಸ್ ಓದ್ತಿದ್ದೆ. ಕಾಲೇಜು ಫೀಸು, ಹಾಸ್ಟೆಲ್, ಸಿಇಟಿ ಕೋಚಿಂಗು. ಅಪ್ಪನಿಗೆ ಮಗ್ಗದಿಂದ ಬರೋದು ಎಲ್ಲರಿಗೂ ಗೊತ್ತಿರೋ ಅಷ್ಟೇ. "ಇನ್ನೊಂದು ವರ್ಷ ತಡೀರಿ, ಡಿಗ್ರಿ ಮುಗೀಲಿ" ಅಂತ ಅಕ್ಕ ಅಂದಿದ್ದು ನನಗೆ ನೆನಪಿದೆ. "ಛಲೋ ಮನೆತನ ಬಂದೈತಿ, ಓದೂದು ಅಲ್ಲೇ ಹೋಗಿ ಓದ್ತೀ ತಗೋ" ಅಂತ ಅಪ್ಪ ಅಂದಿದ್ದೂ ನೆನಪಿದೆ. ನಾನು ಏನೂ ಅನ್ನಲಿಲ್ಲ. ಹದಿನೇಳು ವರ್ಷದ ಹುಡುಗ ಏನು ಅಂತಾನೆ ಅಂತ ನೀವು ಸಮಾಧಾನ ಹೇಳಬಹುದು. ಆದರೆ ಇವತ್ತು ನನ್ನ ಹೆಸರಿನ ಮುಂದೆ ಇರೋ ಬಿಇಯಲ್ಲಿ ಅವಳ ಎರಡು ಸೆಮಿಸ್ಟರ್ ಸೇರಿದೆ. ಐದನೆಯದು, ಆರನೆಯದು.

ಈಗ ಅಕ್ಕನಿಗೆ ಮೂವತ್ತೆರಡು. ಬೀಳಗಿ ತಾಲೂಕಿನ ಒಂದು ಪುನರ್ವಸತಿ ಊರಲ್ಲಿ ಮನೆ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಹೋಗಿ, ಗುಡ್ಡದ ಮೇಲೆ ಪ್ಲಾಟು ಕೊಟ್ಟರಲ್ಲ, ಅಂಥ ಊರು. ಮಗ ಐದನೇ ಕ್ಲಾಸು, ಮಗಳು ಒಂದನೇ ಕ್ಲಾಸು. ಜಂಪರ್ ಹೊಲೀತಾಳೆ, ಸಂಜೆ ಓಣಿಯ ಹುಡುಗರಿಗೆ ಟ್ಯೂಶನ್ ಹೇಳ್ತಾಳೆ. ಮಗಳು ಶಾಲೆಗೆ ಹೋಗೋಕೆ ಶುರು ಮಾಡಿದ ದಿನವೇ ಭಾವನಿಗೆ ಹೇಳಿದಳಂತೆ, "ನಾ ಡಿಗ್ರಿ ಮುಗಸ್ತೇನಿ". ಭಾವ ಒಳ್ಳೆಯವರು, ಬೇಡ ಅನ್ನಲಿಲ್ಲ. "ಮುಗಸು" ಅಂದ್ರು. ಆದರೆ ಮುಗಿಸಬೇಕಂದ್ರೆ ಯಾರ ಹತ್ತಿರ ಹೋಗಬೇಕು ಅನ್ನೋದು ಅವರಿಗೂ ಗೊತ್ತಿರಲಿಲ್ಲ.

ರಜೆಗೆ ಹೋದಾಗ ನಾನೇ ಅವಳ ಜೊತೆ ಕಾಲೇಜಿಗೆ ಹೋದೆ. ಯಾವ ಕಾಲೇಜು ಅಂತ ಬರೆಯಲ್ಲ, ಬರೆದ್ರೆ ಪಾಪ ಆ ಒಬ್ಬ ಕ್ಲರ್ಕ್ ಮೇಲೆ ಎಲ್ಲ ಬೀಳುತ್ತೆ. ಅವರದೇನು ತಪ್ಪಿಲ್ಲ, ಕೂರಿಸಿ ನೀರು ಕೊಟ್ಟು ಮಾತಾಡಿದ್ರು. ಮಾರ್ಕ್ಸ್ ಕಾರ್ಡುಗಳನ್ನು ಒಂದೊಂದಾಗಿ ತಿರುವಿ ನೋಡಿ, "ಛಲೋ ಮಾರ್ಕ್ಸ್ ಅದಾವಲ್ರಿ ಅಕ್ಕಾರ" ಅಂತ ಮೆಚ್ಚಿಕೊಂಡು, ಆಮೇಲೆ ಹೇಳಿದ್ರು. "ಇವು ನಡೆಯಂಗಿಲ್ರಿ. ಅವಧಿ ಮುಗದ ಭಾಳ ವರ್ಷ ಆತು. ಮತ್ತ ಓದಬೇಕಂದ್ರ ಮೊದಲನೇ ಸೆಮಿಸ್ಟರ್‌ದಿಂದ ಸುರು ಮಾಡ್ಬೇಕ್ರಿ."

ಬಸ್‌ಸ್ಟ್ಯಾಂಡಿನ ತನಕ ಅಕ್ಕ ಮಾತಾಡಲಿಲ್ಲ. ಬಸ್ಸು ಹತ್ತಿ ಕೂತ ಮೇಲೆ ಕೇಳಿದಳು. "ತಮ್ಮಾ, ಹಂಗಾರ ನಾ ಪಾಸ್ ಆಗಿದ್ದು ಸುಳ್ಳಾತೇನು?"

ನಾನು ಹಗಲೆಲ್ಲ ಕಂಪ್ಯೂಟರ್ ಜೊತೆ ಗುದ್ದಾಡೋನು. ಎರಡು ಗಿಗಾಬೈಟ್ ಫೈಲು ಅರ್ಧಕ್ಕೆ ನಿಂತ್ರೆ, ನೆಟ್ ಬಂದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತೆ. ಇಪ್ಪತ್ತು ವರ್ಷದ ಹಿಂದಿನ ಡೌನ್‌ಲೋಡ್ ಮ್ಯಾನೇಜರ್‌ಗಳಿಗೂ ಇಷ್ಟು ಬುದ್ಧಿ ಇತ್ತು. ನಮ್ಮ ವಿಶ್ವವಿದ್ಯಾಲಯಗಳಿಗೆ ಇಲ್ಲ. ನಾಲ್ಕು ಸೆಮಿಸ್ಟರಿನ ಪರೀಕ್ಷೆ ತೆಗೆದುಕೊಂಡವರು ಅವರೇ, ಪೇಪರ್ ತಿದ್ದಿದವರು ಅವರೇ, ಪಾಸ್ ಅಂತ ಸೀಲು ಹೊಡೆದವರು ಅವರೇ. ಈಗ ಅದೇ ಕಾಗದ ತೋರಿಸಿದ್ರೆ, ಚೆಂದ ಇದೆ, ಆದರೆ ನಡೆಯಲ್ಲ! ಹಳೇ ಐನೂರರ ನೋಟಿನ ಹಾಗೆ.

ನಿಯಮ ಏನು ಅಂತ ಹುಡುಕಿ ಓದಿದೆ. ಪ್ರತಿ ವಿವಿಯ ನಿಯಮ ಬೇರೆ ಬೇರೆ. ಆದರೆ 2015ರಲ್ಲಿ ಯುಜಿಸಿ ಎಲ್ಲರಿಗೂ ಅಂತ ಒಂದು ಸೂತ್ರ ಹೇಳಿತು. ಕೋರ್ಸು ಎಷ್ಟು ವರ್ಷದ್ದೋ ಅದಕ್ಕೆ ಎರಡು ವರ್ಷ ಸೇರಿಸಿ, ಅಷ್ಟರೊಳಗೆ ಮುಗಿಸಬೇಕು. ಅಸಾಧಾರಣ ಕಾರಣ ಇದ್ರೆ ಇನ್ನೊಂದು ವರ್ಷ. ಅಂದ್ರೆ ಮೂರು ವರ್ಷದ ಬಿಎಗೆ ಐದು, ಎಳೆದಾಡಿದ್ರೆ ಆರು. ಈಗ ಲೆಕ್ಕ ಹಾಕಿ. ಹುಡುಗಿ ಇಪ್ಪತ್ತಕ್ಕೆ ಮದುವೆಯಾದಳು, ಎರಡು ವರ್ಷದಲ್ಲಿ ಮೊದಲ ಮಗು, ಅದು ನಾಲ್ಕು ವರ್ಷದ್ದಾದಾಗ ಎರಡನೆಯದು. ನಮ್ಮ ನಾಲ್ಕೂ ತಾಲೂಕಿನಲ್ಲಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲಿ ಬೇಕಾದ್ರೂ ಹೋಗಿ ನೋಡಿ, ಇದು ಅಸಾಧಾರಣ ಕಾರಣ ಅಲ್ಲ, ಅತಿ ಸಾಧಾರಣ ಕಾರಣ. ಆ ಎರಡು ವರ್ಷದ ಕೃಪೆ ಬಾಣಂತನದಲ್ಲೇ ಕಳೆದುಹೋಗುತ್ತೆ. ಈ ಸೂತ್ರ ಬರೆದವರ ಮನಸ್ಸಿನಲ್ಲಿ ಇದ್ದದ್ದು ಬ್ಯಾಕ್‌ಲಾಗ್ ಉಳಿಸಿಕೊಂಡ ಹುಡುಗ. ಬ್ಯಾಕ್‌ಲಾಗೇ ಇಲ್ಲದೆ ಬಿಟ್ಟುಹೋದ ಹುಡುಗಿ ಅವರಿಗೆ ಕಾಣಲೇ ಇಲ್ಲ.

"ಹಾಗಾದ್ರೆ ಹತ್ತು ವರ್ಷದ ಹಿಂದಿನ ಸಿಲಬಸ್ಸಿಗೆ ಈಗ ಡಿಗ್ರಿ ಕೊಡಬೇಕಾ?" ಅಂತ ನನ್ನ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರ, ಬಿಎ ಕನ್ನಡ, ಇತಿಹಾಸ, ಸಮಾಜಶಾಸ್ತ್ರದಲ್ಲಿ ಹತ್ತು ವರ್ಷದಲ್ಲಿ ಹಾಳಾಗುವಂಥದ್ದು ಏನಿದೆ? ಚಾಲುಕ್ಯರು ಸಿಲಬಸ್ ಜೊತೆ ಬದಲಾಗ್ತಾರಾ? ನಾನು ಕಾಲೇಜಲ್ಲಿ ಕಲಿತ ಅರ್ಧ ಸಾಫ್ಟ್‌ವೇರು ಇವತ್ತು ಯಾರೂ ಮುಟ್ಟಲ್ಲ, ನನ್ನ ಡಿಗ್ರಿಯನ್ನು ಮಾತ್ರ ಯಾರೂ ವಾಪಸ್ ಕೇಳಿಲ್ಲ. ತೀರಾ ಬದಲಾಗಿದ್ರೆ ಎರಡು ಪೇಪರ್ ಹೆಚ್ಚಿಗೆ ಬರೆಸಿ. ಬರೀತಾಳೆ. ನಾಲ್ಕು ಸೆಮಿಸ್ಟರನ್ನು ಸೊನ್ನೆ ಅನ್ನಬೇಡಿ.

ಯುಜಿಸಿಗೆ ಇದು ಹೊಳೆದಿಲ್ಲ ಅಂತಲ್ಲ. 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಮಾಡಿದ್ರು. ಪಾಸಾದ ಪೇಪರಿನ ಕ್ರೆಡಿಟ್ಟು ಬ್ಯಾಂಕಿನಲ್ಲಿ ದುಡ್ಡಿನ ಹಾಗೆ ಜಮಾ ಆಗಿರುತ್ತೆ, ಬಿಟ್ಟುಹೋದವರು ಬಂದು ತಗೋಬಹುದು. ಕೇಳೋಕೆ ಎಷ್ಟು ಚೆಂದ! ಆದರೆ ಕ್ರೆಡಿಟ್ಟಿನ ಆಯುಸ್ಸು ಹೆಚ್ಚೆಂದರೆ ಏಳು ವರ್ಷ. ಅಕ್ಕ ಬಿಟ್ಟದ್ದು 2013ರಲ್ಲಿ, ಬ್ಯಾಂಕು ತೆರೆದದ್ದು 2021ರಲ್ಲಿ. ಅವಳ ಜಮಾ ಯಾವ ಪುಸ್ತಕದಲ್ಲೂ ಇಲ್ಲ. 2021ಕ್ಕೂ ಮುಂಚೆ ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳು ನಮ್ಮ ಓಣಿ ಒಂದರಲ್ಲೇ ಎಷ್ಟು ಜನ ಅಂತ ಅಕ್ಕ ಬೆರಳು ಮಡಚಿ ಎಣಿಸಿದಳು. ಒಂದು ಕೈ ಸಾಲಲಿಲ್ಲ.

ಮೊದಲಿಂದ ಶುರು ಮಾಡಿದ್ರೆ ಏನು ಗಂಟು ಹೋಗುತ್ತೆ, ಓದೋದು ಓದೇ ತಾನೆ ಅಂತ ಅನ್ನೋರಿಗೆ ಇನ್ನೊಂದು ಲೆಕ್ಕ. ಅಕ್ಕನಿಗೆ ಬೇಕಾಗಿರೋದು ಎಫ್‌ಡಿಎ ಪರೀಕ್ಷೆ ಬರೆಯೋಕೆ ಒಂದು ಡಿಗ್ರಿ. ಜ್ಞಾನದಾಹ ಅದು ಇದು ಅಂತ ನಾನು ಬಣ್ಣ ಹಚ್ಚಲ್ಲ. ಅವಳಿಗೆ ನೌಕರಿ ಬೇಕು, ಅದೂ ತಾಲೂಕು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಮಾಡುವ ನೌಕರಿ. ಸರ್ಕಾರಿ ನೇಮಕಾತಿಗೆ ಸಾಮಾನ್ಯವಾಗಿ ವಯೋಮಿತಿ 35, ಹಿಂದುಳಿದ ವರ್ಗದವರಿಗೆ 38, ಎಸ್‌ಸಿ ಎಸ್‌ಟಿಗೆ 40. ನಾವು ಹಿಂದುಳಿದ ವರ್ಗ. ಹಳೇ ನಾಲ್ಕು ಸೆಮಿಸ್ಟರ್ ಲೆಕ್ಕಕ್ಕೆ ಹಿಡಿದ್ರೆ ಅಕ್ಕ ಮೂವತ್ಮೂರಕ್ಕೆ ಪದವೀಧರೆ, ಕೈಯಲ್ಲಿ ಐದು ವರ್ಷ. ಹಿಡಿಯದಿದ್ರೆ ಮೂವತ್ತೈದಕ್ಕೆ ಪದವೀಧರೆ, ಕೈಯಲ್ಲಿ ಮೂರು ವರ್ಷ. ಎಫ್‌ಡಿಎ ಪರೀಕ್ಷೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಊರ ಜಾತ್ರೆಯಲ್ಲ ಅಂತ ಅದಕ್ಕೆ ಓದ್ತಾ ಕೂತಿರೋರನ್ನು ಕೇಳಿ. ಆ ಎರಡು ವರ್ಷದಲ್ಲಿ ಒಂದು ನೋಟಿಫಿಕೇಶನ್ ಬಂದು ಹೋದ್ರೆ ಮುಗೀತು.

ಇದೇ ನಿಯಮ ಓದುವಾಗ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ವಿಧವೆಯರಿಗೆ ವಯೋಮಿತಿಯಲ್ಲಿ ಹತ್ತು ವರ್ಷ ಸಡಿಲಿಕೆ ಇದೆ. ಇರಲೇಬೇಕು, ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಆದರೆ ಯೋಚನೆ ಮಾಡಿ. ಹೆಣ್ಣುಮಕ್ಕಳು ಮನೆತನದ ಕೆಲಸದಲ್ಲಿ ಹತ್ತು ವರ್ಷ ಹಿಂದೆ ಬೀಳ್ತಾರೆ ಅನ್ನೋದು ಸರ್ಕಾರಕ್ಕೆ ಗೊತ್ತು. ಗೊತ್ತಿದ್ದೂ ಆ ಹತ್ತು ವರ್ಷ ವಾಪಸ್ ಕೊಡೋದು ಗಂಡ ಸತ್ತ ಮೇಲೆ. ಇದನ್ನು ಅಕ್ಕನಿಗೆ ಹೇಳಿದಾಗ ಅವಳು "ಬಿಡ್ತು ಅನ್ನು" ಅಂತ ನನ್ನ ತಲೆ ಮೇಲೆ ಮೊಟಕಿದಳು :-)

ಈಗ ನಮ್ಮ ಬೆಂಗಳೂರಿಗೆ ಬನ್ನಿ. ನನ್ನ ಪಕ್ಕದ ಸೀಟಿನ ಮ್ಯಾನೇಜರ್‌ಗೆ ನಲವತ್ತೊಂದು ವರ್ಷ, ಎರಡು ಮಕ್ಕಳು. ವಾರಾಂತ್ಯದ ಎಕ್ಸಿಕ್ಯೂಟಿವ್ ಎಂಬಿಎ ಸೇರಿದ್ದಾರೆ. ಅರ್ಧ ಫೀಸು ಕಂಪನಿ ಕಟ್ಟುತ್ತೆ. ಪರೀಕ್ಷೆ ಇದ್ರೆ ರಿಲೀಸ್ ಡೇಟೇ ಒಂದು ವಾರ ಮುಂದೆ ಹೋಗುತ್ತೆ. "ಕಲಿಕೆಗೆ ವಯಸ್ಸಿಲ್ಲ" ಅಂತ ಲಿಂಕ್ಡ್‌ಇನ್‌ನಲ್ಲಿ ಬರೆದುಕೊಂಡ್ರು, ನಾವು ಇಡೀ ಟೀಮು ಹೆಬ್ಬೆರಳು ಒತ್ತಿದೆವು. ಅವರನ್ನು ಯಾರಾದ್ರೂ "ಈಗ್ಯಾಕೆ ಬೇಕಿತ್ತು ಇದೆಲ್ಲ? ಮಕ್ಕಳನ್ನ ಓದಿಸಿ" ಅಂದ್ರಾ? ಅಕ್ಕನಿಗೆ ಅಂದವರ ಪಟ್ಟಿ ಕೊಡ್ಲಾ? ಅತ್ತೆ ಅಂದ್ರು, ಪಕ್ಕದ ಮನೆಯವರು ಅಂದ್ರು, ಜೆರಾಕ್ಸ್ ಅಂಗಡಿಯವನು ಅಂದ, ಬಸ್ಸಿನಲ್ಲಿ ಗುರುತಿಲ್ಲದ ಒಬ್ಬ ಅಜ್ಜಿ ಅಂದಳು. ನನ್ನ ಮ್ಯಾನೇಜರ್ ಓದಿದ್ರೆ ಅದು ಕೌಶಲ್ಯವರ್ಧನೆ, ಅಕ್ಕ ಓದಿದ್ರೆ ಉಸಾಬರಿ.

ಹಾಗಂತ ವಯಸ್ಸಿನ ಬೇಲಿ ಬೀಳೋದೇ ಇಲ್ಲ ಅಂತಲ್ಲ, ಜಗ್ಗಿದ ಕಡೆ ಬಿದ್ದಿದೆ. ಮೂರು ವರ್ಷದ ಕಾನೂನು ಪದವಿಗೆ ಮೂವತ್ತು ದಾಟಿದವರು ಬರಬಾರದು ಅಂತ ಬಾರ್ ಕೌನ್ಸಿಲ್ ಹಟ ಹಿಡಿದಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನೀಟ್ ಪರೀಕ್ಷೆಯ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ರು. ಕೋರ್ಟಿಗೆ ಹೋಗುವ ಶಕ್ತಿ ಇದ್ದವರ ಕೋರ್ಸುಗಳಲ್ಲಿ ಬೇಲಿ ಬಿತ್ತು. ಬಿಎ ಅರ್ಧಕ್ಕೆ ಬಿಟ್ಟವಳ ಪರವಾಗಿ ಯಾವ ವಕೀಲ ನಿಲ್ತಾನೆ?

ತಾಯಂದಿರ ವಿಷಯದಲ್ಲೂ ಹೀಗೇ. ಪಿಎಚ್‌ಡಿ ಮಾಡುವ ಹೆಂಗಸರಿಗೆ 240 ದಿನದ ತನಕ ಹೆರಿಗೆ ರಜೆ ಅಂತ ಯುಜಿಸಿ 2016ರಲ್ಲೇ ನಿಯಮ ಮಾಡಿತು. ಬಿಎ, ಎಂಎ ಮಾಡುವವರಿಗೆ? 2021ರ ಡಿಸೆಂಬರಿನಲ್ಲಿ ವಿವಿಗಳಿಗೆಲ್ಲ ಒಂದು ಪತ್ರ ಬರೆಯಿತು, ನೀವೇ ಸೂಕ್ತ ನಿಯಮ ಮಾಡಿಕೊಳ್ಳಿ ಅಂತ. ಪಿಎಚ್‌ಡಿ ತನಕ ಬಂದ ತಾಯಿಗೆ ನಿಯಮ, ಬಿಎ ಬಾಗಿಲಲ್ಲಿ ನಿಂತ ತಾಯಿಗೆ ಪತ್ರ. ಪಿಎಚ್‌ಡಿಗೆ ಬರಬೇಕಂದ್ರೆ ಮೊದಲು ಬಿಎ ಮುಗಿಯಬೇಕಲ್ಲ ಸ್ವಾಮಿ!

ಕೂಸಿನ ಕೋಣೆ ವಿಷಯ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಹೆಂಗಸರು ಕೆಲಸ ಮಾಡುವ ಕಡೆ ಮಕ್ಕಳಿಗೊಂದು ಕೋಣೆ ಇರಬೇಕು ಅನ್ನೋ ಮಾತಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದಿ, 50 ಜನ ನೌಕರರಿದ್ದ ಸಂಸ್ಥೆಗೂ ಅದನ್ನು ಕಡ್ಡಾಯ ಮಾಡಿದ್ರು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆ ನಮ್ಮ ರಾಜ್ಯವೇ 2023ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ "ಕೂಸಿನ ಮನೆ" ಶುರು ಮಾಡಿತು, ಒಳ್ಳೆ ಕೆಲಸ. ಅಂದ್ರೆ ಮಣ್ಣು ಹೊರುವಾಗ, ಮಶೀನು ನಡೆಸುವಾಗ ಹೆಂಗಸಿಗೆ ಕೂಸು ಇರುತ್ತೆ ಅಂತ ನಮಗೆ ನೆನಪಿದೆ. ಕ್ಲಾಸಿನಲ್ಲಿ ಕೂತಾಗ ಮಾತ್ರ ಮರೆತುಹೋಗುತ್ತೆ. ಓದುವವಳು ಅಂದ್ರೆ ಎರಡು ಜಡೆಯ ಹುಡುಗಿ ಅನ್ನೋ ಚಿತ್ರ ನಮ್ಮ ತಲೆಯಿಂದ ಹೋಗೋದೇ ಇಲ್ಲ.

"ದೂರಶಿಕ್ಷಣ ಇದೆಯಲ್ಲ?" ಈ ಪ್ರಶ್ನೆ ಬಂದೇ ಬರುತ್ತೆ ಅಂತ ಗೊತ್ತು, ಅದಕ್ಕೇ ಕಾಯ್ತಾ ಇದ್ದೆ.

ಇದೆ. ವಿಜಯಪುರದಲ್ಲಿ ಇಗ್ನೋ ಪ್ರಾದೇಶಿಕ ಕೇಂದ್ರ ಇದೆ. ವಯಸ್ಸು ಕೇಳಲ್ಲ, ಮೂರು ವರ್ಷದ ಬಿಎಯನ್ನು ಆರು ವರ್ಷದಲ್ಲಿ ಮುಗಿಸಬಹುದು. ಆದರೆ ಅಲ್ಲಿ ಬಿಎ ಓದೋದು ಇಂಗ್ಲಿಷಿನಲ್ಲಿ, ಇಲ್ಲ ಹಿಂದಿಯಲ್ಲಿ. ಒಂದನೇ ಕ್ಲಾಸಿನಿಂದ ಕನ್ನಡದಲ್ಲಿ ಓದಿದವಳು ಮೂವತ್ತೆರಡಕ್ಕೆ ಹಿಂದಿಯಲ್ಲಿ ಸಮಾಜಶಾಸ್ತ್ರ ಬರೀಬೇಕಾ? ಕನ್ನಡದಲ್ಲಿ ಅಂದ್ರೆ ಉಳಿಯೋದು ರಾಜ್ಯದ ಆ ತುದಿಗಿರುವ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. 1996ರಲ್ಲಿ ಶುರುವಾದದ್ದು, ಅದಕ್ಕೂ ಮೊದಲು 1969ರಿಂದ ಮೈಸೂರು ವಿವಿಯ ಅಂಚೆ ತೆರಪಿನ ಶಿಕ್ಷಣವಾಗಿ ಇದ್ದದ್ದು. ಮಗ್ಗದ ಮನೆಯವರು, ಪೊಲೀಸರು, ಮನೆಯಲ್ಲಿರುವ ಹೆಂಗಸರು, ಕಂಡಕ್ಟರುಗಳು, ಎಷ್ಟು ಜನ ಅದರಿಂದ ಪದವೀಧರರಾದ್ರೋ. ಅಂಥ ಸಂಸ್ಥೆ ಹೊರರಾಜ್ಯಗಳಲ್ಲಿ ಖಾಸಗಿಯವರ ಜೊತೆ ಸೇರಿ ತಾಂತ್ರಿಕ ಕೋರ್ಸುಗಳನ್ನೆಲ್ಲ ನಡೆಸಿ, ವ್ಯಾಪ್ತಿ ಮೀರಿದೆ ಅಂತ 2015ರಲ್ಲಿ ಯುಜಿಸಿ ಪ್ರಕಟಣೆ ಹೊರಡಿಸಿತು. 2013ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಅಂತ. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರ ಆಗಸ್ಟಿನಲ್ಲಿ. ಯಾರೋ ಎಲ್ಲೋ ಇಂಜಿನಿಯರಿಂಗ್ ಡಿಪ್ಲೊಮಾ ಮಾರಿದ್ದಕ್ಕೆ ಶಿಕ್ಷೆ ಅನುಭವಿಸಿದವರು ಬಿಎ ಕನ್ನಡದ ಅಮ್ಮಂದಿರು. ಅಕ್ಕ ಹಡೆದು ಮಗುವನ್ನು ತೊಟ್ಟಿಲಲ್ಲಿ ಹಾಕಿ ಮತ್ತೆ ಓದೋಣ ಅಂದುಕೊಂಡದ್ದು ಸರಿಯಾಗಿ ಆ ಮೂರು ವರ್ಷದ ಮಧ್ಯೆ. "ಅದಕ್ಕ ಮಾನ್ಯತಾ ಇಲ್ಲಂತ" ಅನ್ನೋ ಒಂದು ಮಾತು ನಮ್ಮ ಕಡೆ ಹಬ್ಬಿದ್ದು ಇವತ್ತಿಗೂ ಹೋಗಿಲ್ಲ. ಮುಕ್ತ ವಿವಿಯ ಪದವಿ ಉಳಿದ ಪದವಿಗೆ ಸಮ ಅಂತ ಯುಜಿಸಿಯ 2020ರ ನಿಯಮವೇ ಹೇಳುತ್ತೆ. ಆದರೆ ಕಾಗದದಲ್ಲಿ ಮಾನ್ಯತೆ ಬಂದಷ್ಟು ಬೇಗ ಓಣಿಯಲ್ಲಿ ಬರಲ್ಲ.

ಇನ್ನು ಕಾಗದಗಳ ಕತೆ. ಇದನ್ನು ಸ್ವಲ್ಪ ವಿವರವಾಗೇ ಬರೀತೀನಿ, ಯಾಕಂದ್ರೆ ಗಂಡಸರಿಗೆ ಇದು ಗೊತ್ತೇ ಆಗಲ್ಲ, ನನಗೂ ಗೊತ್ತಿರಲಿಲ್ಲ. ನಮ್ಮ ಕಡೆ ಹೆಣ್ಣುಮಗಳ ಹೆಸರಿನ ಮುಂದೆ ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು. ಮದುವೆಯಾದ ಮೇಲೆ ಗಂಡನ ಹೆಸರು, ಗಂಡನ ಅಡ್ಡಹೆಸರು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಅಕ್ಕ ಒಬ್ಬಳು, ಆಧಾರ್ ಕಾರ್ಡಿನಲ್ಲಿ ಇನ್ನೊಬ್ಬಳು. ಆನ್‌ಲೈನ್ ಅರ್ಜಿಗೆ ಈ ಇಬ್ಬರೂ ಒಬ್ಬಳೇ ಅಂತ ನಂಬಿಕೆ ಇಲ್ಲ. ಅಫಿಡವಿಟ್ ಮಾಡಿಸು, ನೋಟರಿ ಮಾಡಿಸು, ಇನ್ನೊಂದು ಕಡೆ ಹೋದ್ರೆ ಪೇಪರಿನಲ್ಲಿ ಜಾಹೀರಾತು ಕೊಡು. ಜಾತಿ ಪ್ರಮಾಣಪತ್ರಕ್ಕೆ ತವರಿನ ನಾಡಕಚೇರಿ, ಅದು ಬನಹಟ್ಟಿ ಕಡೆ. ಆದಾಯ ಪ್ರಮಾಣಪತ್ರಕ್ಕೆ ಗಂಡನ ಮನೆಯ ನಾಡಕಚೇರಿ, ಅದು ಬೀಳಗಿ ಕಡೆ. ಟಿಸಿ ಎಲ್ಲಿ? ಹಳೇ ಮನೆಯ ಟ್ರಂಕಿನಲ್ಲಿ ಇತ್ತು, ಟ್ರಂಕು ಎಲ್ಲಿ ಅಂತ ಗೊತ್ತಿಲ್ಲ. ಇದಕ್ಕೆಲ್ಲ ಓಡಾಡೋಕೆ ಮಕ್ಕಳು ಶಾಲೆಗೆ ಹೋದ ಮೇಲೆ, ಬರೋದರೊಳಗೆ. ನಾಲ್ಕು ದಿನ ಅವಳ ಜೊತೆ ತಿರುಗಿ ನನಗೇ ಸಾಕಾಗಿ, "ಬಿಡಕ್ಕಾ" ಅನ್ನೋ ಮಾತು ಬಾಯಿ ತುದಿಗೆ ಬಂದಿತ್ತು. ಅವಳು ಮಾತ್ರ ಪ್ಲಾಸ್ಟಿಕ್ ಫೈಲು ಕಂಕುಳಲ್ಲಿ ಹಿಡಿದು ಮುಂದಿನ ಕಿಟಕಿ ಯಾವುದು ಅಂತ ಕೇಳ್ತಿದ್ದಳು.

ಓಡಾಟದ ಖರ್ಚು ಇಲ್ಲ, ಅದನ್ನು ಒಪ್ಪಿಕೊಳ್ಳಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತ. ಶಕ್ತಿ ಯೋಜನೆಯನ್ನು ಬೈಯುವ ಗೆಳೆಯರಿಗೆ ನಾನು ಅಕ್ಕನ ಕತೆ ಹೇಳ್ತೀನಿ. ಟಿಕೇಟಿಗೆ ಅತ್ತೆಯ ಹತ್ತಿರ ದುಡ್ಡು ಕೇಳಬೇಕಾಗಿದ್ರೆ ಅವಳು ಮೊದಲ ಸಲ ಕಾಲೇಜಿನ ತನಕವೂ ಹೋಗ್ತಿರಲಿಲ್ಲ.

ಆದರೆ ಆ ಉಚಿತ ಬಸ್ಸು ಎಲ್ಲಿಗೆ ಹೋಗಬೇಕು? ನಮ್ಮ ಭಾಗಕ್ಕೆ 1949ರ ಧಾರವಾಡದ ಕರ್ನಾಟಕ ವಿವಿಯೇ ಎಲ್ಲ ಆಗಿತ್ತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿವಿ ಬಂತು. 2023ರಲ್ಲಿ, ಯಾರೂ ನಿರೀಕ್ಷೆ ಮಾಡದ ಹಾಗೆ, ಜಮಖಂಡಿಗೇ ಒಂದು ವಿಶ್ವವಿದ್ಯಾಲಯ ಬಂತು, ಬಾಗಲಕೋಟೆ ವಿಶ್ವವಿದ್ಯಾಲಯ. ಪಟವರ್ಧನರ ಸಂಸ್ಥಾನ ಹೋದಮೇಲೆ ಜಮಖಂಡಿಗೆ ಸಿಕ್ಕ ದೊಡ್ಡ ಹೆಸರು ಅಂತ ನಮ್ಮ ಅಪ್ಪ ಖುಷಿಪಟ್ಟಿದ್ರು. ಎರಡು ವರ್ಷ ಆಗಲಿಲ್ಲ, 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ವಿವಿಗಳನ್ನು ಮುಚ್ಚಬಹುದು ಅಂತ ಹೇಳಿತು. ಆ ಒಂಬತ್ತರಲ್ಲಿ ಇದೂ ಒಂದು. ಕಾರಣ? ದುಡ್ಡಿಲ್ಲ, ಕಟ್ಟಡ ಇಲ್ಲ, ಸಿಬ್ಬಂದಿ ಇಲ್ಲ. ಕಾರಣ ಸುಳ್ಳಲ್ಲ. ಒಂದು ಸರ್ಕಾರ ದುಡ್ಡು ಕೊಡದೆ ಬೋರ್ಡು ಹಾಕುತ್ತೆ, ಇನ್ನೊಂದು ಸರ್ಕಾರ ದುಡ್ಡಿಲ್ಲ ಅಂತ ಬೋರ್ಡು ತೆಗೆಯುವ ಮಾತಾಡುತ್ತೆ. ಎರಡೂ ಪಕ್ಷದವರು ಸೇರಿ ಆಡಿದ ಆಟ ಇದು.

ಬೆಂಗಳೂರಿನಲ್ಲಿ ಕೂತವರಿಗೆ ಜಮಖಂಡಿ ಏನು, ಬೆಳಗಾವಿ ಏನು, ಎಲ್ಲಾ ಒಂದೇ ಕಡೆ ಕಾಣುತ್ತೆ. ಹದಿನೆಂಟರ ಹುಡುಗ ಬೆಳಗಾವಿಗೆ ಹೋಗಿ ರೂಮು ಮಾಡ್ತಾನೆ. ಎರಡು ಮಕ್ಕಳ ತಾಯಿ ರೂಮು ಮಾಡ್ತಾಳಾ? ಅವಳ ವಿಶ್ವವಿದ್ಯಾಲಯ ಅಂದ್ರೆ ಬೆಳಗಿನ ರೊಟ್ಟಿ ಬಡಿದು ಹೋಗಿ ಸಂಜೆ ಶಾಲೆಯ ಗಂಟೆ ಹೊಡೆಯೋದರೊಳಗೆ ವಾಪಸ್ ಬರುವಷ್ಟು ದೂರದಲ್ಲಿ ಇರೋದು, ಅಷ್ಟೇ. ಬಿಎ ಮುಗಿದು ಎಂಎ ಮಾಡ್ತೀನಿ ಅಂದ್ರೆ ಅಕ್ಕನಿಗೆ ಜಮಖಂಡಿ ಬಿಟ್ಟು ಬೇರೆ ದಾರಿ ಇಲ್ಲ. ಯಾವ ವಿವಿಗೆ ಎಷ್ಟು ಖರ್ಚು ಅಂತ ಲೆಕ್ಕ ಹಾಕಿದ ಉಪಸಮಿತಿ, ಮುಚ್ಚಿದ್ರೆ ಯಾರು ಓದು ಬಿಡ್ತಾರೆ ಅಂತಲೂ ಲೆಕ್ಕ ಹಾಕಿದ್ರೆ ಚೆನ್ನಾಗಿತ್ತು.

ಇದನ್ನೆಲ್ಲ ಊರಲ್ಲಿ ಚಹಾದ ಅಂಗಡಿಯಲ್ಲಿ ಹೇಳ್ತಿದ್ದೆ. ಅಲ್ಲಿದ್ದ ಒಬ್ಬ ಹಿರಿಯರು, "ಸರಕಾರದ ಹಾದಿ ಯಾಕ ಕಾಯ್ತೀಯೋ? ಚಿಕ್ಕಪಡಸಲಗಿ ಬ್ಯಾರೇಜ್ ಯಾರ ಕಟ್ಟಿದ್ರು? ನಾವ ಕಟ್ಟಿದ್ವಿ" ಅಂದ್ರು. ಗೊತ್ತಿಲ್ಲದವರಿಗೆ, ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ರೈತರೇ ದುಡ್ಡು ಹಾಕಿ, ಮೈ ಮುರಿದು, 1989ರಲ್ಲಿ ಬ್ಯಾರೇಜು ಕಟ್ಟಿದ್ರು. ಶ್ರಮಬಿಂದು ಸಾಗರ ಅಂತ ಹೆಸರು. ಮುಂದಾಳತ್ವ ಸಿದ್ದು ನ್ಯಾಮಗೌಡರದ್ದು. ಆ ಕತೆ ಕೇಳಿದಾಗೆಲ್ಲ ನನ್ನ ಎದೆಯೂ ಉಬ್ಬುತ್ತೆ. ಆದರೆ ಅಜ್ಜಾರ, ಕಲ್ಲು ಹೊತ್ತು ನೀರು ನಿಲ್ಲಿಸಬಹುದು, ಮಾರ್ಕ್ಸ್ ಕಾರ್ಡನ್ನು ಶ್ರಮದಾನದಿಂದ ಮಾಡೋಕಾಗಲ್ಲ. ಅದಕ್ಕೆ ಕುಲಸಚಿವರ ಸಹಿಯೇ ಬೇಕು. ಓದುವ ಕೆಲಸ ಅಕ್ಕ ತನ್ನ ಪಾಲಿಗೆ ಮಾಡಿ ಇಟ್ಟಿದ್ದಾಳೆ, ನಾಲ್ಕು ಸೆಮಿಸ್ಟರು. ಸಹಿ ಮಾಡುವವರು ತಮ್ಮ ಪಾಲಿನದ್ದನ್ನು ಮಾಡಲಿ ಅಂತಷ್ಟೇ ಕೇಳ್ತಿರೋದು.

ಮುಧೋಳದ ಮೇಲೆ ಹಾದು ಬರುವಾಗ ರನ್ನನ ಹೆಸರು ಕಂಡಾಗ ಒಂದು ಹುಚ್ಚು ಯೋಚನೆ ಬಂತು. ಬಳೆಗಾರರ ಮನೆಯ ಹುಡುಗ, ಓದಬೇಕು ಅಂತ ಸಾವಿರ ವರ್ಷದ ಹಿಂದೆ ಇಲ್ಲಿಂದ ಶ್ರವಣಬೆಳಗೊಳದ ತನಕ ಹೋದ, ಕವಿಚಕ್ರವರ್ತಿ ಆದ. ಅವನಿಗೊಬ್ಬಳು ಅಕ್ಕ ಇದ್ದಿದ್ರೆ? ಬಳೆ ಮಲಾರ ಹೊತ್ತು ಮನೆ ನಡೆಸಿದವರು ಯಾರು? ಇರಲಿ, ವಿಷಯ ಎಲ್ಲಿಗೋ ಹೋಯ್ತು.

ನಾನು ಕೇಳ್ತಿರೋದು ಬಹಳ ದೊಡ್ಡದೇನಲ್ಲ. ಪಾಸಾದ ಸೆಮಿಸ್ಟರಿಗೆ ಅವಧಿ ಮೀರುವ ಶಿಕ್ಷೆ ಇರಬಾರದು, 2021ಕ್ಕೂ ಹಿಂದಿನವರ ಕ್ರೆಡಿಟ್ಟೂ ಆ ಬ್ಯಾಂಕಿಗೆ ಹೋಗಬೇಕು. ಮದುವೆಯ ಹೆಸರಿಗೂ ತವರಿನ ಹೆಸರಿಗೂ ಒಂದೇ ಕಿಟಕಿಯಲ್ಲಿ, ಮದುವೆ ನೋಂದಣಿ ಪತ್ರ ಒಂದರ ಮೇಲೆ ತಾಳೆ ಹಾಕಿಕೊಡಬೇಕು. ಇದರ ಸಾಫ್ಟ್‌ವೇರ್ ಬರೆಯೋಕೆ ನನ್ನಂಥ ಇಬ್ಬರು ಎರಡು ತಿಂಗಳು ಕೂತ್ರೆ ಸಾಕು, ದುಡ್ಡು ಬೇಡ, ಬಿಟ್ಟಿ ಮಾಡಿಕೊಡ್ತೀನಿ. ಡಿಗ್ರಿ ಅರ್ಧಕ್ಕೆ ಬಿಟ್ಟ ತಾಯಂದಿರಿಗೆ ವಯೋಮಿತಿಯಲ್ಲಿ ಗಂಡ ಬದುಕಿರುವಾಗಲೇ ನಾಲ್ಕೈದು ವರ್ಷ ಕೊಡಿ. ಮತ್ತೆ ಜಮಖಂಡಿಯ ಬೋರ್ಡು ಮುಟ್ಟಬೇಡಿ, ಅದರ ಹಿಂದೆ ಕಟ್ಟಡ ಕಟ್ಟಿ.

ಅಕ್ಕ ಸದ್ಯಕ್ಕೆ ಎರಡು ಕೆಲಸ ಮಾಡಿದ್ದಾಳೆ. ಅವಧಿ ಮೀರಿದವರಿಗೆ ವಿವಿಗಳು ಯಾವಾಗಲಾದ್ರೊಮ್ಮೆ ಕೊಡುವ ವಿಶೇಷ ಅವಕಾಶ ತನಗೂ ಸಿಗಬಹುದಾ ಅಂತ ಒಂದು ಅರ್ಜಿ ಕೊಟ್ಟಿದ್ದಾಳೆ, ಸ್ವೀಕೃತಿ ಪತ್ರ ಕೈಯಲ್ಲಿದೆ. ಉತ್ತರ ಬರದಿದ್ರೆ ಇರಲಿ ಅಂತ ಮುಕ್ತ ವಿವಿಯ ಮೊದಲ ವರ್ಷದ ಪುಸ್ತಕಗಳನ್ನು ಓಣಿಯ ಹುಡುಗಿಯೊಬ್ಬಳಿಂದ ತಂದಿಟ್ಟುಕೊಂಡಿದ್ದಾಳೆ. ಫೀಸು ನಾನು ಕಟ್ತೀನಿ ಅಂದೆ. "ನೀ ಕಟ್ಟಬೇಕ, ನಿನ್ನ ಮ್ಯಾಲ ಬಾಕಿ ಐತಿ" ಅಂದಳು. ನಗುತ್ತಲೇ ಅಂದಳು, ಆದರೆ ಅಂದಳು.

ನಿಮ್ಮಲ್ಲಿ ಯಾರಾದ್ರೂ ವಿವಿ ಪರೀಕ್ಷಾ ವಿಭಾಗದಲ್ಲಿ ಇದ್ರೆ, ಅಥವಾ ನಿಮ್ಮ ಮನೆಯಲ್ಲಿ ಯಾರಾದ್ರೂ ಹೀಗೆ ಅವಧಿ ಮೀರಿದ ಮೇಲೆ ಹಳೇ ಸೆಮಿಸ್ಟರ್ ಉಳಿಸಿಕೊಂಡಿದ್ರೆ, ಹೇಗೆ ಅಂತ ದಯವಿಟ್ಟು ಇಲ್ಲಿ ಬರೀರಿ. ಯಾವ ಅರ್ಜಿ, ಯಾರಿಗೆ, ಜೊತೆಗೆ ಏನೇನು ಲಗತ್ತಿಸಬೇಕು ಅಂತ. ಅಕ್ಕನಿಗೆ ಫೋನಿನಲ್ಲಿ ಓದಿ ಹೇಳ್ತೀನಿ. ರಾತ್ರಿ ಒಂಬತ್ತರ ಮೇಲೆ ಮಾಡು ಅಂದಿದ್ದಾಳೆ, ಅಷ್ಟೊತ್ತಿಗೆ ಮಕ್ಕಳು ಮಲಗಿರ್ತಾವಂತೆ.